ಪಕ್ಕದ ಲೇನಿನವರು

ಪಶ್ಚಿಮ ಬೆಂಗಳೂರಿನ ಉನ್ನತ ಶಿಕ್ಷಣದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕೂತರೆ, ಬೇಯಿಸಿದ ಮೊಟ್ಟೆಯ ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. ಈಜುವ ಹುಡುಗಿಗೆ ಕಾಲೇಜು ದಿನಕ್ಕೆ ಒಂದು ಮೊಟ್ಟೆ ಕೊಡಬೇಕೋ ಎರಡೋ ಎಂಬುದನ್ನು ಮಾರೇನಹಳ್ಳಿಯ ಮುನಿತಾಯಮ್ಮ ಮಹಿಳಾ ಕಾಲೇಜಿನ ಆಡಳಿತ ಮಂಡಳಿ ಮೂರು ಸಭೆಗಳಲ್ಲಿ ಚರ್ಚಿಸಿತ್ತು. ಎರಡನೇ ಸಭೆಯಲ್ಲಿ ಒಂದು ಕುರ್ಚಿ ಮಗುಚಿ ಬಿದ್ದಿತ್ತು. ಕೊನೆಗೆ ಎರಡು ಎಂದು ತೀರ್ಮಾನವಾದದ್ದು ಪೌಷ್ಟಿಕತೆಯ ಕಾರಣಕ್ಕಲ್ಲ. ರಾಜಾಜಿನಗರದ ಶಿವಕ್ಕ ಮಹಿಳಾ ಕಾಲೇಜಿನವರು ಎರಡು ಕೊಡುತ್ತಿದ್ದಾರೆ ಎಂಬ ಸುದ್ದಿ ಬಂದದ್ದರಿಂದ.

ಶಿವಕ್ಕ ಕಾಲೇಜಿನವರು ಆಗ ಕೊಡುತ್ತಿದ್ದದ್ದು ಒಂದೇ. ಅವರು ಎರಡಕ್ಕೆ ಏರಿದ್ದು ಮರುವರ್ಷ, ಮುನಿತಾಯಮ್ಮ ಕಾಲೇಜಿನಲ್ಲಿ ಎರಡು ಕೊಡುತ್ತಾರಂತೆ ಎಂದು ತಿಳಿದ ಮೇಲೆ.

ಎರಡೂ ಸುದ್ದಿಗಳನ್ನು ಮುಟ್ಟಿಸಿದವರು ಆಯಾ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕಿಯರು: ಮುನಿತಾಯಮ್ಮದಲ್ಲಿ ಪ್ರಭಾ, ಶಿವಕ್ಕದಲ್ಲಿ ಲತಾ. ಇಪ್ಪತ್ತರ ವಯಸ್ಸಿನಲ್ಲಿ ಇಬ್ಬರೂ ವಿಶ್ವವಿದ್ಯಾಲಯದ ಒಂದೇ ರಿಲೇ ತಂಡದಲ್ಲಿ ಈಜಿದವರು. ಪ್ರಭಾ ಮೂರನೆಯವಳು, ಲತಾ ನಾಲ್ಕನೆಯವಳು. ಮೊದಲ ಇಬ್ಬರು ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ.

ಸ್ವಂತ ಈಜುಕೊಳವೇ ಇಲ್ಲದ ಎರಡು ಕಾಲೇಜುಗಳು ಹೆಣ್ಣುಮಕ್ಕಳ ಈಜುತಂಡವನ್ನು ಯಾಕೆ ಸಾಕುತ್ತಿದ್ದವು ಎಂದರೆ, ಅದಕ್ಕೆ ಒಂದು ಬಾವಿಯೇ ಕಾರಣ. ಮಾರೇನಹಳ್ಳಿಯ ತಿಮ್ಮಯ್ಯನವರ ಹೊಲಕ್ಕೂ ಅವರ ಅಕ್ಕನ ಗಂಡ ಚಿಕ್ಕಮುನಿಯಪ್ಪನವರ ಹೊಲಕ್ಕೂ ನಡುವೆ ಒಂದು ತೆರೆದ ಬಾವಿ ಇತ್ತು. ಹುಡುಗರಾಗಿದ್ದಾಗ ಭಾವ ಭಾವಮೈದುನರಿಬ್ಬರೂ ಅದಕ್ಕೆ ಹಾರಿ ತಳದ ಕಲ್ಲು ಎತ್ತಿ ತರುವ ಪಂದ್ಯ ಕಟ್ಟುತ್ತಿದ್ದರು. ಯಾರು ಹೆಚ್ಚು ಸಲ ತಂದರು ಎಂಬ ವಿಷಯದಲ್ಲಿ ಒಮ್ಮತ ಮೂಡಲಿಲ್ಲ. ಹೊಲಗಳು ಸೈಟುಗಳಾದವು, ಬಾವಿ ಒಂದು ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ನೆಲಮಾಳಿಗೆಯಾಯಿತು, ಇಬ್ಬರೂ ತಂತಮ್ಮ ತಾಯಿಯ ಹೆಸರಿನಲ್ಲಿ ಕಾಲೇಜು ಕಟ್ಟಿದರು. ತಳದ ಕಲ್ಲಿನ ವಿಷಯ ಮಾತ್ರ ಇತ್ಯರ್ಥವಾಗದೆ ಉಳಿಯಿತು.

ಇದನ್ನು ಮೊದಲು ಅರ್ಥ ಮಾಡಿಕೊಂಡವಳು ಲತಾ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವಳು ಪ್ರಭಾಗೆ ಹೇಳಿದ್ದಳು: "ನಮ್ ಹುಡ್ಗೀರು ಗೆದ್ರು ಅಂದ್ರೆ ನಮ್ ಯಜಮಾನ್ರು ತಲೆ ಆಡಿಸ್ತಾರೆ ಅಷ್ಟೇ ಕಣೇ. ನಿಮ್ ಹುಡ್ಗೀರಿಗೆ ಹೊಸ ಈಜು ಕನ್ನಡಕ ಬಂತಂತೆ ಅನ್ನು, ಆಗ ನೋಡು ಮುಖಾನ."

ಅಂದಿನಿಂದ ಇದು ಪದ್ಧತಿಯಾಯಿತು. ಪ್ರತಿ ಜೂನ್ ತಿಂಗಳಲ್ಲಿ ಎರಡೂ ಕಾಲೇಜುಗಳು 'ತೌಲನಿಕ ವರದಿ' ಕೇಳುತ್ತಿದ್ದವು: ನಾವು ಎಲ್ಲಿದ್ದೇವೆ, ಅವರು ಎಲ್ಲಿದ್ದಾರೆ. ಪ್ರಭಾ ಮತ್ತು ಲತಾ ಒಂದು ಶನಿವಾರ ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕೂತು, ಒಂದೇ ಕಾಫಿಯನ್ನು ಬೈ-ಟೂ ಮಾಡಿಸಿ, ಒಬ್ಬರ ಕಾಲೇಜಿಗೆ ಇನ್ನೊಬ್ಬರು ಧಾರಾಳವಾಗಿ ಸೌಲಭ್ಯಗಳನ್ನು ಮಂಜೂರು ಮಾಡುತ್ತಿದ್ದರು. ವರದಿ ಓದಿದ ತಿಮ್ಮಯ್ಯನವರು, "ಅವನ್ ಕಾಲೇಜಲ್ಲಿ ಎರಡು ಮೊಟ್ಟೆನಾ? ನಮ್ ಹುಡ್ಗೀರೇನ್ ಕೋಳಿ ಕಾಣ್ದೋರಾ? ಹಾಕಮ್ಮ ನೀನೂ ಎರಡು!" ಎಂದು ಮೇಜು ಗುದ್ದುತ್ತಿದ್ದರು. ಸಾರ್ವಜನಿಕ ಈಜುಕೊಳದಲ್ಲಿ ಅಭ್ಯಾಸಕ್ಕೆ ಬಾಡಿಗೆಯ ಐದನೇ ಲೇನು ಹೀಗೆ ಬಂತು, ಕಾಲಿಗೆ ಕಟ್ಟುವ ರೆಕ್ಕೆಗಳು ಹೀಗೆ ಬಂದವು. ಆರನೇ ಲೇನು ಲತಾಗೂ ಹೀಗೆಯೇ ಬಂತು. ಇಪ್ಪತ್ತೆರಡು ವರ್ಷಗಳ ಕಾಲ ಇಬ್ಬರು ಮುದುಕರ ಹೊಟ್ಟೆಕಿಚ್ಚಿನ ಮೇಲೆ ಎರಡು ತಂಡಗಳು ಬೆಚ್ಚಗೆ ಬದುಕಿದವು.

ಮೊಟ್ಟೆ ಮುಟ್ಟದ ಮನೆಯಲ್ಲಿ ಹುಟ್ಟಿದ ಪ್ರಭಾ ಇಷ್ಟೂ ವರ್ಷ ಬೆಳಿಗ್ಗೆ ಆರಕ್ಕೆ ಈಜುಕೊಳದ ಎದುರಿನ ಟೀ ಅಂಗಡಿಯಲ್ಲಿ ಮೊಟ್ಟೆ ಬೇಯಿಸಿಸಿ, ಕರವಸ್ತ್ರದಲ್ಲಿ ಸುತ್ತಿ ತರುತ್ತಿದ್ದಳು. ಬಸವೇಶ್ವರನಗರದ ಮನೆಯ ಮಹಡಿಯಲ್ಲಿ ಅವಳು ಒಬ್ಬಳೇ ಇದ್ದದ್ದರಿಂದ ಆ ಕರವಸ್ತ್ರದ ವಾಸನೆಯ ಬಗ್ಗೆ ಕೇಳುವವರು ಯಾರೂ ಇರಲಿಲ್ಲ. ಭಾನುವಾರ ಸಂಜೆ ಏಳಕ್ಕೆ ಲತಾಳ ಫೋನು ಬರುತ್ತಿತ್ತು. "ನಿನ್ ಹುಡ್ಗಿ ಈ ವಾರ ಎಷ್ಟು?" ಎಂದು ಶುರುವಾದದ್ದು ಒಂದು ಗಂಟೆ ನಡೆಯುತ್ತಿತ್ತು. ಎದುರಾಳಿಯ ಬಲಾಬಲ ತಿಳಿಯುವುದು ಕರ್ತವ್ಯದ ಭಾಗವಾದ್ದರಿಂದ ಇಬ್ಬರಿಗೂ ಅದನ್ನು ಸ್ನೇಹ ಎಂದು ಕರೆಯುವ ಅಗತ್ಯ ಬಂದಿರಲಿಲ್ಲ.

ನಿಜವಾದ ಹೋಲಿಕೆ ಬೇಕಿದ್ದರೆ ಅದು ಅರ್ಧ ಪುಟದ ಕೆಲಸ. ಶಿವಕ್ಕ ಕಾಲೇಜಿನಲ್ಲಿ ಈಜುಗಾರ್ತಿಯರು ಇಬ್ಬರು: ಮೇಧಾ ಎಂಬ ಒಬ್ಬ ಒಳ್ಳೆಯ ಈಜುಗಾರ್ತಿ, ಮತ್ತು ಕೂದಲು ನೇರ ಮಾಡಿಸಿಕೊಂಡಿದ್ದರಿಂದ ತಲೆ ಮುಳುಗಿಸದೆ ಈಜುವ ಇನ್ನೊಬ್ಬಳು. ಮುನಿತಾಯಮ್ಮ ಕಾಲೇಜಿನಲ್ಲಿ ಒಬ್ಬಳೇ. ಅವಳು ಸ್ಪಂದನ, ಅಪ್ಪ ಮಂಜುನಾಥನಿಗೆ ಮಾರೇನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ.

"ಏನೇ, ನಿಮ್ ಟೀಮ್ ಪೂರ್ತಿ ಬಂತಾ?" ಎಂದು ಬೆಳಿಗ್ಗೆ ಐದೂಮುಕ್ಕಾಲಿಗೆ ಮೇಧಾ ಆರನೇ ಲೇನಿನಿಂದ ಕೂಗುವಳು.

"ಬಂದೈತೆ ಕಣೇ. ಹಾಜ್ರಿ ತಗೊಂಡೆ. ಕ್ಯಾಪ್ಟನ್ನೂ ನಾನೇ, ಎಕ್ಸ್‌ಟ್ರಾನೂ ನಾನೇ."

"ನಿಮ್ ಕ್ಯಾಪ್ಟನ್‌ಗೆ ಹೇಳು, ಇವತ್ತು ಅವ್ಳಿಗೆ ನೀರು ಕುಡಿಸ್ತೀನಿ."

"ಮೊದ್ಲು ನಿಮ್ ಹೀರೋಯಿನ್‌ದು ತಲೆ ಮುಳುಗ್ಸು ಹೋಗೇ!"

ಸ್ಪಂದನಳ ನೀಲಿ ಟೋಪಿ ಒಂದು ಲೇನಿನಲ್ಲಿ, ಮೇಧಾಳ ಕೆಂಪು ಟೋಪಿ ಪಕ್ಕದ ಲೇನಿನಲ್ಲಿ. ಸ್ಪಂದನ ಉಸಿರು ತೆಗೆದುಕೊಳ್ಳುವುದು ಯಾವಾಗಲೂ ಆರನೇ ಲೇನಿನ ಕಡೆಗೇ. ಮುಖ ತಿರುಗಿಸಿದಾಗಲೆಲ್ಲ ಆ ಕೆಂಪು ಎಲ್ಲಿದೆ ಎಂದು ನೋಡಿ, ಅದಕ್ಕಿಂತ ಒಂದು ಕೈ ಮುಂದೆ ಹೋಗುವುದು ಎರಡು ವರ್ಷದಿಂದ ಅವಳ ಇಡೀ ತಂತ್ರವಾಗಿತ್ತು. ಇನ್ನೂರು ಮೀಟರ್ ಫ್ರೀಸ್ಟೈಲಿನಲ್ಲಿ ಅವಳ ಸಮಯ ಎರಡು ನಿಮಿಷ ಮೂವತ್ತನಾಲ್ಕು ಸೆಕೆಂಡಿಗೆ ಇಳಿದಿತ್ತು. ಅಕ್ಟೋಬರಿನ ಅಂತರಕಾಲೇಜು ಕೂಟದಲ್ಲಿ ಮೂವತ್ತೆರಡರೊಳಗೆ ಮುಗಿಸಿದರೆ ವಿಶ್ವವಿದ್ಯಾಲಯ ಅವಳನ್ನು ಅಖಿಲ ಭಾರತ ಕೂಟಕ್ಕೆ ಕಳಿಸುತ್ತದೆ. ಅಲ್ಲಿಗೆ ಹೋಗಿ ಬಂದ ಪ್ರಮಾಣಪತ್ರವಿದ್ದರೆ ಈಜು ತರಬೇತುದಾರರ ಕೋರ್ಸಿಗೆ ಅರ್ಜಿ ಹಾಕಬಹುದು; ಇಲ್ಲದಿದ್ದರೆ ಬಿ.ಕಾಂ. ಮುಗಿಸಿ ಮೊಳೆ ತೂಗುವುದು. ಈಗ ಅವಳದು ಕೊನೆಯ ವರ್ಷ. ಎರಡು ಸೆಕೆಂಡು ಕಳೆಯಬೇಕು, ಅದಕ್ಕೆ ನಾಲ್ಕು ತಿಂಗಳು ಲೇನು ಉಳಿಯಬೇಕು. ಪ್ರಭಾ ಈ ಜೂನ್ ತಿಂಗಳಲ್ಲಿ ಬೇರೆ ಯಾವುದರ ಬಗ್ಗೆಯೂ ಯೋಚಿಸಲಿಲ್ಲ.

ಹಿಂದಿನ ಚಳಿಗಾಲದಲ್ಲಿ ತಿಮ್ಮಯ್ಯನವರು ತೀರಿಕೊಂಡಿದ್ದರು. ಚಿಕ್ಕಮುನಿಯಪ್ಪನವರು ಹಾಸಿಗೆ ಹಿಡಿದು, ಯಾರು ಬಂದರೂ "ಕಲ್ಲು ತಂದ್ಯಾ?" ಎಂದು ಕೇಳುವ ಸ್ಥಿತಿಗೆ ಬಂದಿದ್ದರು. ಇಲ್ಲಿ ಮಗ ಜೀವನ್, ಅಲ್ಲಿ ಸೊಸೆ ವಚನಾ ಕಾರ್ಯದರ್ಶಿಗಳಾದರು. ಇಬ್ಬರೂ ಒಬ್ಬನೇ ಸಲಹೆಗಾರನಿಂದ ಹೊಸ ವರದಿ ನಮೂನೆ ಮಾಡಿಸಿದ್ದರು. ಅದರಲ್ಲಿ 'ಎದುರಾಳಿ ಸಂಸ್ಥೆಯ ಮುಂದಿನ ಐದು ವರ್ಷಗಳ ಭವಿಷ್ಯ' ಎಂಬ ಹೊಸ ಅಂಕಣವಿತ್ತು.

"ಭವಿಷ್ಯ ಅಂತೆ ಕಣೇ," ಎಂದಳು ಪ್ರಭಾ ಹೋಟೆಲಿನಲ್ಲಿ. "ನಿಂಗೆ ಏನ್ ಬರೀಲಿ?"

"ಧಾರಾಳವಾಗಿ ಬರಿ. ಭವಿಷ್ಯಕ್ಕೇನ್ ಕರೆಂಟ್ ಬಿಲ್ ಬರತ್ತಾ?"

"ಫಿಸಿಯೋ ಕೊಡಿಸ್ಲಾ?"

"ಹೋದ್ ವರ್ಷನೇ ಕೊಡ್ಸಿದ್ಯಲ್ಲೇ. ಅವ್ಳು ಇಷ್ಟೊತ್ಗೆ ಮದ್ವೆಯಾಗಿ ಹೋಗಿರ್ತಾಳೆ."

"ಹಂಗಾದ್ರೆ ನೀರಿನ ಕೆಳಗಡೆ ಕ್ಯಾಮೆರಾ?"

"ಹಾಕು ಹಾಕು. ಕೆಂಗೇರಿ ಹತ್ರ ಜಾಗ ತಗೊಂಡು ಸ್ವಂತ ಕೊಳ ಕಟ್ತಾವ್ರೆ ಅಂತ್ಲೂ ಹಾಕು. ಅದನ್ನ ಓದಿದ್ರೆ ನಿಮ್ ತಿಮ್ಮಯ್ಯೋರು ಗೋರಿಯಿಂದ ಎದ್ದು ಬರ್ಬೇಕು."

"ಎದ್ದು ಬಂದ್ರೆ ಒಳ್ಳೇದಿತ್ತು," ಎಂದಳು ಪ್ರಭಾ. ಲತಾ ನಕ್ಕು ಕಾಫಿಲೋಟದ ಅಂಚು ಒರೆಸಿದಳು. ನಂತರ ಅವಳು ಮುನಿತಾಯಮ್ಮ ಕಾಲೇಜಿಗೆ ಹದಿನಾಲ್ಕು ಈಜುಗಾರ್ತಿಯರನ್ನೂ, ಕೇರಳದ ಒಬ್ಬ ಕೋಚನ್ನೂ, ಪ್ರತ್ಯೇಕ ಅಡುಗೆಯವಳನ್ನೂ ದಯಪಾಲಿಸಿದಳು. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಚೆನ್ನಾದ ವರದಿಗಳನ್ನು ಅವರು ಬರೆದಿರಲಿಲ್ಲ.

ಜೀವನ್ ಬಹಳ ಒಳ್ಳೆಯ ಮನುಷ್ಯ. ತೊಂದರೆಯಾದದ್ದು ಅಲ್ಲಿಯೇ. ಜುಲೈ ಮೊದಲ ವಾರ ಅವನು ಪ್ರಭಾಳನ್ನು ಕರೆಸಿ, ಎದ್ದು ನಿಂತು ಕುರ್ಚಿ ತೋರಿಸಿದ. ಅವನ ತಂದೆ ಆ ಕುರ್ಚಿಯನ್ನು ಯಾರಿಗೂ ತೋರಿಸಿದವರಲ್ಲ.

"ಮೇಡಂ, ನಿಮ್ ರಿಪೋರ್ಟ್ ಎರಡು ಸಲ ಓದ್ದೆ. ಎದುರಾಳಿ ಬಗ್ಗೆ ಇಷ್ಟು ಮನಸ್ಸು ಬಿಚ್ಚಿ ಬರೆಯೋರು ಯಾರಿದಾರೆ ಹೇಳಿ? ನಂಗೆ ತುಂಬ ಖುಷಿಯಾಯ್ತು."

ಪ್ರಭಾ ಮೇಜನ್ನು ಗುದ್ದುವ ಸದ್ದಿಗಾಗಿ ಕಾದಳು.

"ಅವ್ರು ಇಷ್ಟು ಅದ್ಭುತವಾಗಿ ಮಾಡ್ತಿರೋವಾಗ, ಒಂದೇ ಏರಿಯಾದಲ್ಲಿ ನಾವೂ ಅದನ್ನೇ ಮಾಡೋದ್ರಲ್ಲಿ ಅರ್ಥ ಇಲ್ಲ ಅಲ್ವಾ? ಅವ್ರಿಗೆ ಸ್ವಂತ ಪೂಲ್ ಬರ್ತಿದೆ. ನಮ್ಗಿರೋದು ಒಬ್ಳೇ ಹುಡುಗಿ. ಈ ತಿಂಗಳಿಗೆ ನಿಲ್ಲಿಸೋಣ. ಆ ಹುಡುಗೀನ ಬೇಕಾದ್ರೆ ಅಲ್ಲಿಗೇ ಟ್ರಾನ್ಸ್‌ಫರ್ ಮಾಡ್ಸಿ. ನಾನೇ ಪತ್ರ ಕೊಡ್ತೀನಿ. ಅವಳ ಫ್ಯೂಚರ್ ಮುಖ್ಯ."

"ಸಾರ್," ಎಂದಳು ಪ್ರಭಾ. "ಅಲ್ಲಿ ನಿಜವಾಗ್ಲೂ ಅಷ್ಟೆಲ್ಲ ಇಲ್ಲ ಸಾರ್. ಕ್ಯಾಮೆರಾ ಇಲ್ಲ. ಪೂಲೂ ಇಲ್ಲ. ಅಲ್ಲಿರೋದು ಇಬ್ರೇ."

ಜೀವನ್ ಮೃದುವಾಗಿ ನಕ್ಕ. "ನೋಡಿ, ನಿಲ್ಲಿಸ್ತೀವಿ ಅಂದ ತಕ್ಷಣ ನಿಮ್ಗೂ ಹೊಟ್ಟೆಕಿಚ್ಚು ಬಂತು. ನಮ್ ತಂದೆಯವ್ರೂ ಹಿಂಗೇ. ಬಿಡಿ ಮೇಡಂ, ಆ ಕಾಲ ಮುಗೀತು."

ಇಪ್ಪತ್ತೆರಡು ವರ್ಷದಲ್ಲಿ ಪ್ರಭಾ ಆ ಕೋಣೆಯಲ್ಲಿ ಹೇಳಿದ ಮೊದಲ ನಿಜ ಅದಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಈಜುಕೊಳದ ಮೆಟ್ಟಿಲ ಮೇಲೆ ಮೊಟ್ಟೆಗಳನ್ನಿಟ್ಟು ವಿಷಯ ತಿಳಿಸಿದಳು. ಸ್ಪಂದನ ಒಂದನ್ನು ಮೆಟ್ಟಿಲಿಗೆ ಕುಟ್ಟಿ ಸಿಪ್ಪೆ ಸುಲಿಯತೊಡಗಿದಳು.

"ನನ್ನನ್ನ ಅವ್ರಿಗೆ ಕೊಟ್ಬಿಡ್ತೀರಾ ಮೇಡಂ?"

"ಕೊಡೋದೇನ್ ಬಂತಮ್ಮ. ಒಂದು ಲೇನ್ ಆಚೆ ಹೋಗ್ತೀಯ ಅಷ್ಟೇ. ಲತಾ ಮೇಡಂ ನನ್ಗಿಂತ ಚೆನ್ನಾಗಿ ಹೇಳ್ಕೊಡ್ತಾರೆ. ಗೋಡೆ ಹತ್ರ ತಿರುಗೋ ಟರ್ನ್ ಅಂತೂ ಅವರದ್ದೇ."

"ಮೇಧಾ ಮತ್ತೆ ನಾನು ಒಂದೇ ಟೀಮಾ?"

"ಹ್ಞೂಂ."

"ಹಂಗಾದ್ರೆ ಯಾರನ್ನ ಸೋಲ್ಸೋದು?"

"ಗಡಿಯಾರಾನ ಸೋಲ್ಸು," ಎಂದಳು ಪ್ರಭಾ. ಹೇಳಿದ ಮೇಲೆ ಅದು ಗೋಡೆಗೆ ಅಂಟಿಸುವ ಪೋಸ್ಟರಿನ ಮಾತಿನ ಹಾಗೆ ಕೇಳಿಸಿತು.

ವರ್ಗಾವಣೆಯ ಪತ್ರಕ್ಕೆ ಒಂದು ವಾರ ಓಡಾಡಿದ್ದಾಯಿತು. ಪ್ರಾಂಶುಪಾಲರ ಸಹಿ, ಗ್ರಂಥಾಲಯದ ಬಾಕಿ ಇಲ್ಲವೆಂಬ ಚೀಟಿ, ಮಂಜುನಾಥನ ಒಪ್ಪಿಗೆ. "ರಾಜಾಜಿನಗರಕ್ಕೆ ಒಂದೇ ಬಸ್ಸಾ ಮೇಡಂ?" ಎಂಬುದೊಂದೇ ಅವನ ಪ್ರಶ್ನೆ. ಈ ನಡುವೆ ಲತಾ ಫೋನು ಎತ್ತಲಿಲ್ಲ. ಆ ವಾರ ಅವಳೂ ಅವಳ ತಂಡವೂ ಆರನೇ ಲೇನಿಗೆ ಬರಲಿಲ್ಲ. ಭಾನುವಾರ ಏಳೂ ದಾಟಿತು. ಶನಿವಾರ ಹೋಟೆಲಿಗೆ ಬಾ ಎಂದು ಸೋಮವಾರ ಒಂದು ಸಂದೇಶ ಬಂತು. ಪ್ರಭಾಗೆ ಸಮಾಧಾನವಾಯಿತು. ಹುಡುಗಿಯನ್ನು ಒಪ್ಪಿಸುವ ಮಾತು ಎದುರೆದುರು ಆಡಬೇಕಾದದ್ದೇ.

ಲತಾ ಮೊದಲೇ ಬಂದು ಮೂಲೆಯ ಮೇಜು ಹಿಡಿದಿದ್ದಳು. ಕಾಫಿ ತರಿಸಿರಲಿಲ್ಲ. ಪ್ರಭಾ ಬ್ಯಾಗಿನಿಂದ ಕಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು.

"ನೋಡೇ, ಏನೂ ಮಾತಾಡ್ಬೇಡ. ಇದು ಸ್ಪಂದನಂದು. ಎಲ್ಲಾ ಪೇಪರ್ರೂ ಇದೆ. ಅವ್ಳಿಗೆ ಎರಡು ಸೆಕೆಂಡ್ ಬೇಕು. ಟರ್ನಲ್ಲಿ ಒಂದು ಸಿಗತ್ತೆ, ಇನ್ನೊಂದು ನೀನು ಹುಡುಕ್ಬೇಕು."

ಲತಾ ಲಕೋಟೆಯನ್ನು ಮುಟ್ಟಲಿಲ್ಲ. ತನ್ನ ಚೀಲದಿಂದ ಅಂಥದ್ದೇ ಕಂದು ಲಕೋಟೆ ತೆಗೆದು ಅದರ ಪಕ್ಕಕ್ಕಿಟ್ಟಳು.

"ಇದು ಮೇಧಾದು," ಎಂದಳು.

ಪಕ್ಕದ ಮೇಜಿನಲ್ಲಿ ಯಾರೋ ಚಟ್ನಿಗೆ ಕೂಗುತ್ತಿದ್ದರು.

"ಯಾವಾಗ?" ಎಂದಳು ಪ್ರಭಾ.

"ಹದಿನೈದ್ ದಿನ ಆಯ್ತು. ವಚನಾ ಮೇಡಂ ಕರ್ದು ಏನಂದ್ರು ಗೊತ್ತಾ? 'ಮುನಿತಾಯಮ್ಮದಲ್ಲಿ ಹದಿನಾಲ್ಕು ಜನ ಇದಾರೆ, ಕೇರಳದ ಕೋಚ್ ಇದಾರೆ. ಆ ಲೆವೆಲ್‌ಗೆ ನಾವು ಹೋಗೋಕಾಗಲ್ಲ. ನಾವು ಚೆಸ್ ಮಾಡೋಣ' ಅಂದ್ರು. ಕೋಚೂ ಇಲ್ಲ, ಹದಿನಾಲ್ಕು ಜನಾನೂ ಇಲ್ಲ, ನಾನೇ ಬರ್ದಿದ್ದು ಅಂದೆ ಕಣೇ. ನಂಬ್ಲಿಲ್ಲ. 'ಮೇಡಂ, ಸೋಲೊಪ್ಕೊಳ್ಳೋದು ತಪ್ಪಲ್ಲ' ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಮೇಧಾನ ನಿಂಗೆ ಕೊಡೋಕೆ ಪೇಪರ್ ಮಾಡಿಸ್ತಿದ್ದೆ. ಕೊಡೋಕ್ ಮುಂಚೆ ಅಳ್ಬಾರ್ದು ಅಂತ ಫೋನ್ ಎತ್ಲಿಲ್ಲ."

ಕೊನೆಗೆ ಪ್ರಭಾ ಎದ್ದು ಹೋಗಿ ಕಾಫಿ ತಂದಳು. ಎರಡು ಲೋಟ ಇಡೀ ಕಾಫಿ ತಂದಿದ್ದಳು. ಬೈ-ಟೂ ಹೇಳಲು ಮರೆತಿದ್ದಳು. ಇಬ್ಬರೂ ಪೂರ್ತಿ ಕುಡಿಯಲಾಗದೆ ಬಿಟ್ಟರು. ಹೊರಡುವಾಗ ತಂತಮ್ಮ ಲಕೋಟೆಯನ್ನು ತಾವೇ ಎತ್ತಿಕೊಂಡರು.

ಉಳಿದಿದ್ದದ್ದು ಒಂದೇ ದಾರಿ. ಲೇನು ಹೋದರೆ ಹೋಗಲಿ, ಅಕ್ಟೋಬರಿನ ಕೂಟಕ್ಕೆ ಪ್ರವೇಶಪತ್ರಕ್ಕಾದರೂ ಸಹಿ ಸಿಕ್ಕರೆ ಹುಡುಗಿಯರು ಸ್ವಂತವಾಗಿ ಅಭ್ಯಾಸ ಮಾಡಿ ಈಜಬಹುದು. ಆದರೆ ಯಾವುದೇ ಸ್ಪರ್ಧೆ ನಡೆಯಬೇಕಾದರೆ ಕನಿಷ್ಠ ಎರಡು ಕಾಲೇಜುಗಳಿರಬೇಕು ಎಂಬುದು ಕೂಟದ ನಿಯಮ. ಆ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳನ್ನು ಈಜಿಗೆ ಕಳಿಸುವ ಕಾಲೇಜುಗಳು ಇದ್ದದ್ದೇ ಎರಡು. ಜೀವನ್ ಒಳ್ಳೆಯ ಮನುಷ್ಯನಾದ್ದರಿಂದ, "ಕೊನೇ ಸಲ ತಾನೇ ಮೇಡಂ, ಈಜ್ಲಿ ಬಿಡಿ" ಎಂದು ಸಹಿ ಹಾಕಿದ. ವಚನಾ ಹಾಕಲಿಲ್ಲ. ನೀರಿನ ವಿಷಯ, ನಿಲ್ಲಿಸಿದ ಆಟದಲ್ಲಿ ನಾಳೆ ಏನಾದರೂ ಆದರೆ ಹೊಣೆ ಯಾರು ಎಂದು ಕೇಳಿದಳಂತೆ. ಅದೂ ನ್ಯಾಯವಾದ ಪ್ರಶ್ನೆಯೇ. ಲತಾ ಮೂರು ಸಲ ಹೋದಳು. ಮೂರನೇ ಸಲ ಅವಳನ್ನು ಹೊರಗೆ ಕೂರಿಸಲಾಯಿತು.

ಆಗಸ್ಟಿನಿಂದ ಆರನೇ ಲೇನಿನಲ್ಲಿ ತೂಕ ಇಳಿಸುವ ಆಂಟಿಯರ ತಂಡ ನಿಂತಲ್ಲೇ ಕುಣಿಯತೊಡಗಿತು. ಸ್ಪಂದನ ಸಾರ್ವಜನಿಕರ ಟಿಕೆಟ್ ತೆಗೆದುಕೊಂಡು ಬರುತ್ತಿದ್ದಳು. ಪ್ರಭಾ ಮೊದಲಿನಂತೆಯೇ ಆರಕ್ಕೆ ಬಂದು ಗಡಿಯಾರ ಹಿಡಿಯುತ್ತಿದ್ದಳು. ಮೊಟ್ಟೆಗಳೂ ಎರಡೇ. ಮೇಧಾ ಒಂದು ಧ್ವನಿಸಂದೇಶ ಕಳಿಸಿದ್ದಳು: "ನಾನೀಗ ಚೆಸ್ ಟೀಮ್ ಕಣೇ. ಕುದುರೆ ಹೆಂಗೆ ನಡಿಯತ್ತೆ ಅಂತ ಇವತ್ತು ಹೇಳ್ಕೊಟ್ರು. ನಿನ್ ಥರನೇ, ನೇರ ಹೋಗಲ್ಲ ಮುಂಡೇದು." ಸ್ಪಂದನ ಅದನ್ನು ಎರಡು ಸಲ ಕೇಳಿ ಫೋನನ್ನು ಟವೆಲಿನಲ್ಲಿ ಸುತ್ತಿಟ್ಟಳು.

ಆಗಸ್ಟಿನ ಮೊದಲ ಭಾನುವಾರ ಏಳಕ್ಕೆ ಲತಾಳ ಫೋನು ಬಂತು.

"ಏನಿಲ್ಲ ಕಣೇ, ಹಂಗೇ ಮಾಡ್ದೆ."

"ಊಟ ಆಯ್ತಾ?"

"ಇಲ್ಲ. ಇನ್ನೂ ಏಳು ಗಂಟೆ."

"ಹೌದಲ್ಲ."

ನಾಲ್ಕು ನಿಮಿಷ ನಡೆಯಿತು. ಕೇಳಲು ಸಮಯಗಳಿರಲಿಲ್ಲ, ಮುಚ್ಚಿಡಲು ಏನೂ ಇರಲಿಲ್ಲ. ಮುಂದಿನ ಭಾನುವಾರ ಪ್ರಭಾ ಫೋನನ್ನು ಊಟದ ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟುಕೊಂಡು ಬೀನ್ಸ್ ಬಿಡಿಸಿದಳು. ಎಂಟಾದ ಮೇಲೆ ಬಿಡಿಸಿದ ಬೀನ್ಸ್ ಒಬ್ಬರಿಗೆ ಹೆಚ್ಚಾಯಿತೆಂದು ಅರ್ಧ ತೆಗೆದು ಫ್ರಿಜ್ಜಿನಲ್ಲಿಟ್ಟಳು.

ಅಕ್ಟೋಬರಿನ ಕೂಟ ಅದೇ ಕೊಳದಲ್ಲಿ ನಡೆಯಿತು. ಗಂಡುಹುಡುಗರ ಸ್ಪರ್ಧೆಗಳಿಗೆ ಸಮಯ ಹಿಡಿಯಲು ಪ್ರಭಾ ಮತ್ತು ಲತಾ ಇಬ್ಬರನ್ನೂ ನೇಮಿಸಿದ್ದರು. ಲತಾ ಒಂದನೇ ಲೇನಿಗೆ, ಪ್ರಭಾ ಎಂಟಕ್ಕೆ. ನಡುವೆ ಆರು ಜನ. ಹನ್ನೊಂದು ಗಂಟೆಗೆ ಮೈಕಿನಲ್ಲಿ ಮಹಿಳೆಯರ ಇನ್ನೂರು ಮೀಟರಿನ ಹೆಸರು ಕೂಗಿದರು. ನೀಲಿ ಟೋಪಿ ಹಾಕಿಕೊಂಡು ಸ್ಪಂದನ ಬಂದು ನಿಂತಳು. ಮುಖ್ಯ ತೀರ್ಪುಗಾರರು ಪಟ್ಟಿ ನೋಡಿದರು, ಹಿಂದಿನ ಪುಟ ನೋಡಿದರು.

"ಒಂದೇ ಕಾಲೇಜಾ? ಆಗಲ್ಲಮ್ಮ. ರೂಲ್ ಇಲ್ಲ."

"ಸುಮ್ನೆ ಟೈಮ್ ಹಿಡೀರಿ ಸಾರ್. ಮೂವತ್ತೆರಡರೊಳಗೆ ಬಂದ್ರೆ ಆಮೇಲೆ ಕೇಳ್ತೀನಿ."

"ನೀನು ಮೂವತ್ತರಲ್ಲೇ ಬಂದ್ರೂ ನಾನು ಎಲ್ಲಿ ಬರೀಲಿ ಹೇಳು? ಕಾಲಂ ಇಲ್ಲ. ಬೇಕಿದ್ರೆ ಊಟದ ಬ್ರೇಕಲ್ಲಿ ಈಜ್ಕೊ, ಯಾರೂ ಏನೂ ಅನ್ನಲ್ಲ."

ಊಟದ ಬಿಡುವಿನಲ್ಲಿ ಎಲ್ಲರೂ ಪುಳಿಯೋಗರೆಯ ಸಾಲಿಗೆ ಹೋದರು. ಸ್ಪಂದನ ಐದನೇ ಲೇನಿನ ಕಲ್ಲಿನ ಮೇಲೆ ನಿಂತಳು. ಪ್ರಭಾ ಗಡಿಯಾರ ಹಿಡಿದು ಬಂದಳು. ಕೊಳದ ಆ ತುದಿಯಿಂದ ಲತಾ ಊಟದ ತಟ್ಟೆ ಕೆಳಗಿಟ್ಟು, ತನ್ನ ಗಡಿಯಾರವನ್ನೂ ತೆಗೆದುಕೊಂಡು ಬಂದು ಖಾಲಿ ಆರನೇ ಲೇನಿನ ಮುಂದೆ ನಿಂತಳು. ಪ್ರಭಾ ಬಾಯಲ್ಲೇ ಸೀಟಿ ಊದಿದಳು.

ಮೊದಲ ನೂರು ಮೀಟರ್ ಚೆನ್ನಾಗಿಯೇ ಆಯಿತು. ಮೂರನೇ ಸುತ್ತಿನಲ್ಲಿ ಉಸಿರಿಗೆ ಆರನೇ ಲೇನಿನ ಕಡೆ ತಿರುಗಿದಾಗಲೆಲ್ಲ ಅವಳ ಮುಖ ನೀರಿನ ಮೇಲೆ ಬೇಕಾದ್ದಕ್ಕಿಂತ ಅರೆಗಳಿಗೆ ಹೆಚ್ಚು ನಿಲ್ಲುತ್ತಿತ್ತು. ಲತಾ ಅದನ್ನು ನೋಡಿ ಪ್ರಭಾಳ ಕಡೆ ತಿರುಗಿದಳು. ಪ್ರಭಾಗೂ ಕಂಡಿತ್ತು. ಹುಡುಗಿ ಕೆಂಪು ಟೋಪಿ ಹುಡುಕುತ್ತಿದ್ದಳು.

ಅವಳು ಗೋಡೆ ಮುಟ್ಟಿ, ಕನ್ನಡಕ ಮೇಲೆತ್ತಿ, ಏದುಸಿರು ಬಿಡುತ್ತಾ "ಎಷ್ಟು ಮೇಡಂ?" ಎಂದಳು.

ಪ್ರಭಾಳ ಗಡಿಯಾರದಲ್ಲಿ ಎರಡು ನಿಮಿಷ ಮೂವತ್ತೇಳು. ಲತಾಳದ್ದರಲ್ಲೂ ಅಷ್ಟೇ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಇಬ್ಬರ ಲೆಕ್ಕ ಒಂದೇ ಆಗಿತ್ತು.

ಸಂಜೆ ಸೂಚನಾಫಲಕದಲ್ಲಿ ಫಲಿತಾಂಶದ ಹಾಳೆ ಅಂಟಿಸಿದರು. ಅದರಲ್ಲಿ 'ಮಹಿಳೆಯರ ಇನ್ನೂರು ಮೀಟರ್ ಫ್ರೀಸ್ಟೈಲ್: ನಡೆಯಲಿಲ್ಲ' ಎಂದಿತ್ತು.